ಎರಡು ಬಾವಿಗಳ ನಡುವೆ

ಇವತ್ತು ನಮ್ಮ ಓಣಿಗೆ ಡಾಂಬರು ಹಾಕುತ್ತಿದ್ದಾರೆ. ವಾಸನೆಗೆ ಸೊಸೆ ಕಿಟಕಿ ಮುಚ್ಚಿದಳು, ನಾನು ತೆರೆದೆ. ಅವಳು ಮತ್ತೆ ಮುಚ್ಚಿದಳು, ನಾನು ಮತ್ತೆ... ಹಿಂದೆ ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದವನ ಕೋಣೆ ಹೀಗೇ ನಾರುತ್ತಿತ್ತು.

ಬೇಡಗ ಎಂಬ ಹಳ್ಳಿಯವನು. ಪರದೇಶದ ಎಣ್ಣೆ ಕಂಪನಿಯ ಕೆಲಸವನ್ನು ಮಿರಜಿನ ನಮ್ಮ ಮಾಳಿಗೆಯಲ್ಲೇ ಕೂತು ಮಾಡುತ್ತಿದ್ದ. ಕೂತು ಎನ್ನುವುದು ಸುಳ್ಳು. ಮಧ್ಯಾಹ್ನವೆಲ್ಲ ತಿರುಗುತ್ತಿದ್ದ. ಕೆಳಗೆ ನಾನು ಅಡ್ಡಾದರೆ ನೆತ್ತಿಯ ಮೇಲೆ ಹೆಜ್ಜೆ. ಕಸಬರಿಗೆ ಹಿಡಿಯಿಂದ ಜಂತಿಗೆ ಗುದ್ದಿ ಗುದ್ದಿ ಸಾಕಾಗಿ, ಒಂದು ದಿನ ಮೇಲೆಯೇ ಹತ್ತಿದೆ.

"ಏನಪಾ, ನನ್ನ ತಲಿ ಮ್ಯಾಲ ಎತ್ತ ಕಟ್ಟಿ ಹಂತಿ ಹೊಡಿಯಾಕತ್ತಿಯೇನ?"

ನಕ್ಕು ಒಂದು ಸೀಸೆ ನನ್ನ ಮೂಗಿಗೆ ಹಿಡಿದ. ಒಳಗೆ ಜಿಗುಟು ಕಪ್ಪು ಮರಳು. ಅಲ್ಲಿ ನೆಲದಡಿ ಎಣ್ಣೆ ಹೀಗೆ ಮರಳಿಗೆ ಅಂಟಿಕೊಂಡಿರುತ್ತದಂತೆ. ಬಿಸಿ ಹಬೆ ಬಿಟ್ಟರೆ ಕರಗಿ ಹರಿಯುತ್ತದೆ. ಆದರೆ ಮೇಲಿನ ಜೇಡಿಮಣ್ಣಿನ ಪದರ ಮುಚ್ಚಳದಂತೆ ಗಟ್ಟಿಯಾಗಿರಬೇಕು. ಆ ಮುಚ್ಚಳ ಎಲ್ಲಾದರೂ ಹರಿದಿದ್ದರೆ ಹಬೆ ನೆಲ ಸೀಳಿಕೊಂಡು ಬರುತ್ತದೆ. ಮೇಲೆ ಜನ ಕೆಲಸ ಮಾಡುತ್ತಿರುತ್ತಾರೆ. ಕೊರೆದ ಬಾವಿಗಳ ಮಣ್ಣು ನೋಡಿ, ಕಾಣದ ನೆಲದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಇವನ ಕೆಲಸ. ಈಗ ಎರಡು ಬಾವಿಗಳಲ್ಲೂ ಆ ಜೇಡಿ ಸಿಕ್ಕಿತ್ತು.

"ನಡುವ ಏನೈತಿ, ಯಾರ ನೋಡ್ಯಾರ?"

"ಯಾರೂ ನೋಡಿಲ್ರಿ ಮಾವಶಿ. ಅಂದಾಜ."

"ನನ್ನ ಬಾಯಾಗ ಈ ಕಡಿಗೊಂದ ಹಲ್ಲ, ಆ ಕಡಿಗೊಂದ. ನಡುವಿನೂ ಅದಾವ ಅಂತ ತಿಳದ ಕಬ್ಬ ಕೊಡ್ತಿಯೇನ?"

ಈ ಸಲ ನಗಲಿಲ್ಲ. "ಕೊಡು ಅನ್ನಾಕತ್ತಾರ್ರಿ, ಸಾಹೇಬ್ರು."

ನಡುವೆ ಇನ್ನೊಂದು ಬಾವಿ ಕೊರೆಯಿರಿ ಎಂದು ಇವನು, ಗೆರೆ ಎಳೆದು ಎರಡನ್ನೂ ಕೂಡಿಸು ಎಂದು ಅವರು. ಗೆರೆ ಎಳೆದರೆ ಹಬೆ ಶುರು. ಮತ್ತೆ ಹೆಜ್ಜೆ, ಮತ್ತೆ ಹೆಜ್ಜೆ... ನಾನು ಗುದ್ದುವುದು ಬಿಟ್ಟೆ. ಒಂದು ಮಧ್ಯಾಹ್ನ ಮಾಳಿಗೆ ಗಪ್ಪಾಯಿತು. ಗಾಬರಿಯಾಗಿ ಓಡಿದರೆ ಬಟ್ಟೆ ಮಡಚುತ್ತಿದ್ದ.

"ಗೆರಿ ಎಳೀಲಿಲ್ರಿ. ಕೆಲಸ ಹೋತು."

"ಮುಂದ?"

"ನೋಡೂನ್ರಿ."

ಮುಚ್ಚಳ ಗಟ್ಟಿಯಿತ್ತೋ, ಹರಿದಿತ್ತೋ, ಅವನಿಗೂ ಗೊತ್ತಾಗಲಿಲ್ಲ. ಸೀಸೆ ಜೇಬಿಗಿಟ್ಟುಕೊಂಡು ಇಳಿದು ಹೋದ.

ಎಷ್ಟೋ ವರ್ಷದ ಮೇಲೆ ಸಾಂಗ್ಲಿಯ ಸಂತೆಯಲ್ಲಿ ಬೇಡಗದ ಹೆಂಗಸೊಬ್ಬಳು ಸಿಕ್ಕಳು. ಅವನನ್ನು ವಿಚಾರಿಸಿದೆ. "ಅವ ತೀರಿಕೊಂಡ ಭಾಳ ದಿನಾ ಆತಲ್ರಿ," ಅನ್ನುತ್ತಲೇ ಬಸ್ಸು ಹತ್ತಿದಳು.

ಮೊಮ್ಮಗಳು ಮೊಬೈಲಿನಲ್ಲಿ ಬರೆಯಲು ಕಲಿಸಿದ್ದಾಳೆ. ಅವನ ಕಥೆಯನ್ನು ಅದರಲ್ಲೇ ಬರೆಯುತ್ತಿದ್ದೇನೆ. ಈ ಮೊಬೈಲಿಗೆ ಬಲು ಅವಸರ. 'ಆಮೇಲೆ ಅವನು' ಎಂದು ಒತ್ತಿದರೆ ಮುಂದಿನ ಮಾತನ್ನು ತಾನೇ ತಂದಿಡುತ್ತದೆ: 'ಸುಖವಾಗಿ'. ಅದರ ಪಕ್ಕ, 'ಇದ್ದನು'. ಬೆರಳಿಟ್ಟರೆ ಸಾಕು, ಕೂಡಿಕೊಳ್ಳುತ್ತದೆ...

ಬೆರಳು ಇಡಲಿಲ್ಲ. ಅವನು ಇಳಿದು ಹೋದದ್ದಕ್ಕೂ ತೀರಿಕೊಂಡದ್ದಕ್ಕೂ ನಡುವೆ ಏನಿತ್ತೋ, ನಾನು ನೋಡಿಲ್ಲ. ಸೊಸೆ ಮತ್ತೆ ಕಿಟಕಿ ಮುಚ್ಚಿ ಹೋಗಿದ್ದಾಳೆ. ಎದ್ದು ತೆರೆಯುತ್ತೇನೆ.