ನಾಲ್ಕನೆಯ ಮೂಲೆ

ಆ ರವಿವಾರ ಇಳಿಹೊತ್ತಿಗೆ ನಮ್ಮ ಪಡಸಾಲೆಯ ನಾಲ್ಕೂ ಮೂಲೆಗೆ ಕಲ್ಲು ಕೂತಿದ್ದವು. ಎಪ್ಪತ್ತರ ದಶಕದ ನಡುವಿನ ಮಾತು. ಸಿಂದಗಿಯಲ್ಲಿ ನಾವು ಕಟ್ಟಿಸುತ್ತಿದ್ದ ಮನೆಗೆ ಮುದ್ದೇಬಿಹಾಳದ ಕಡೆಯಿಂದ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಬಂದಿತ್ತು. ಮೂರು ಮೂಲೆಯ ಕಲ್ಲನ್ನು ಕನ್ನೊಳ್ಳಿಯ ಗೌಂಡಿ ಕಾಕಾ ಕೂರಿಸಿದರು. ನಾಲ್ಕನೆಯದನ್ನು ಯಜಮಾನನೇ ಇಡಬೇಕೆಂಬುದು ಅವರ ಪದ್ಧತಿ. ನನ್ನ ಗಂಡ ಅರಿಷಿಣ ಹಚ್ಚಿ ಅದನ್ನು ಇಟ್ಟರು.

ಅವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಷ್ಟೇ ಪಾಸಾದವಳು. ಅವರ ಪಾಠಕ್ಕೆ ಮನೆಯಲ್ಲೂ ಬಿಡುವಿರಲಿಲ್ಲ.

"ಮೂರು ಬಿಂದು ಎಲ್ಲಿ ಇಟ್ಟರೂ ಒಂದ ಸಮತಲಕ್ಕ ಬರ್ತಾವ," ಎಂದರು. "ಜಗಳ ತರೂದು ನಾಕನೇದು."

"ನೀವು, ನಿಮ್ಮವ್ವ, ನಿಮ್ಮಪ್ಪ ಮೂರು ಮಂದಿ. ನಾಕನೇದಾಕಿ ನಾನ. ನೇರ ಹೇಳಿಬಿಡ್ರಿ."

ಕಾಕಾ ಕರಣಿ ಕೆಳಗಿಟ್ಟು ನಕ್ಕರು. "ಮಾಸ್ತರ, ಈಗ ಉತ್ತರ ಕೊಡ್ರಿ!"

ಎದುರುಬದುರು ಮೂಲೆಗಳ ನಡುವೆ ಎರಡು ದಾರ ಬಿಗಿದರು, ಕತ್ತರಿಯಂತೆ. ಒಂದರ ತುದಿ ನನ್ನ ಕೈಯಲ್ಲಿತ್ತು. ನಡುವೆ ದಾರಗಳು ತಾಕಿದರೆ ನಾಲ್ಕೂ ಮೂಲೆ ಒಂದೇ ಸಮತಲದಲ್ಲಿವೆ ಎಂದರ್ಥ. ಸಂದಿ ಬಿಟ್ಟರೆ ಯಾವುದೋ ಒಂದು ಮೂಲೆ ಏರುಪೇರು. ತಾಕಿದವು. ನನ್ನ ಗಂಡನ ಮುಖ ಅರಳಿತು.

ಕಾಕಾ ಒಪ್ಪಲಿಲ್ಲ. "ದಾರ ಅದಲಿಬದಲಿ ಮಾಡಿ ನೋಡೂಣ್ರಿ. ಮ್ಯಾಲಿಂದು ಕೆಳಗಿಂದರ ಮ್ಯಾಲ ಒರಗಿದ್ರ ಸಂದಿ ಇದ್ದದ್ದು ಗೊತ್ತಾಗೂದಿಲ್ಲ."

"ಗಣಿತದ ಮಾಸ್ತರಗ ಪರೀಕ್ಷಾ ಇಡ್ತೀರೇನ ಕಾಕಾ? ನಾಳೆ ಸಾಲಿ ಬಿಟ್ಟ ಮ್ಯಾಲ ನೋಡೂಣು."

ಮರುದಿನ ಮೂರನೆಯ ತಾಸಿನಲ್ಲಿ ಪಾಠ ಹೇಳುತ್ತಲೇ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರಂತೆ. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅವರಿಗೆ ಮೂವತ್ತೆಂಟು.

ಎರಡು ತಿಂಗಳು ಆ ಪಡಸಾಲೆ ಬರೀ ಮಣ್ಣಾಗಿಯೇ ಇತ್ತು. ಆಮೇಲೆ ಒಂದು ಮುಂಜಾನೆ ಕಾಕಾ ತಾವಾಗಿಯೇ ಬಂದರು. ದಾರ ಬಿಗಿದು, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿದರು. ನಡುವೆ ಒಂದು ಬೆರಳು ತೂರುವಷ್ಟು ಸಂದಿ ಬಿತ್ತು. ತಗ್ಗಾಗಿದ್ದದ್ದು ನನ್ನ ಗಂಡ ಇಟ್ಟ ಕಲ್ಲು.

"ಎತ್ತಿ ಇಡಬೇಕಾಗ್ತೈತಿ," ಎಂದರು ಕಾಕಾ, ನೆಲ ನೋಡುತ್ತ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನನ್ನ ಮಗನ ಕೈಯಿಂದಾಗಿದ್ದು ಅದೊಂದ ಐತಿ. ಮುಟ್ಟಬ್ಯಾಡ್ರಿ."

"ಹಂಗ ಬಿಟ್ರ ನೆಲ ತಿರುಚತೈತ್ರಿ ಅವ್ವಾರ. ತೊಳದ ನೀರು ಆ ಮೂಲ್ಯಾಗ ನಿಂದರ್ತಾವ. ಬಿಡಂದ್ರ ಬಿಡ್ತೇನಿ."

ಇಬ್ಬರೂ ನನ್ನ ಕಡೆ ನೋಡಿದರು. ಆ ಕಲ್ಲು ಹಾಗೇ ಇರಲೆಂದು ನನಗೂ ಅನ್ನಿಸಿತ್ತು. ದಿನಾ ಬೆಳಿಗ್ಗೆ ಒಮ್ಮೆ ಅದರ ಹತ್ತಿರ ಹೋಗಿ ನಿಲ್ಲುವುದು ನನಗೆ ರೂಢಿಯಾಗಿತ್ತು. ಆದರೆ ಹುಡುಗರ ಲೆಕ್ಕದಲ್ಲಿ ತಪ್ಪು ಕಂಡರೆ ತಿದ್ದದೆ ಬಿಡುತ್ತಿದ್ದವರಲ್ಲ ನನ್ನ ಗಂಡ.

"ಎತ್ತ್ರಿ ಕಾಕಾ," ಎಂದೆ. "ನಾನೂ ಹಿಡೀತೇನಿ."

ಕಲ್ಲಿನ ಕೆಳಗೆ ಗಚ್ಚುಗಾರೆ ಒಂದು ಬದಿಗೆ ಕಡಿಮೆ ಬಿದ್ದಿತ್ತು, ಅಷ್ಟೇ. ಅತ್ತೆ ಒಳಗೆ ಹೋದರು. ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ, ಹಾಸಿದ ನೆಲದ ಮೇಲೆ ತಾವೇ ಒಂದು ಕೊಡ ನೀರು ಸುರಿದರು. ನೀರು ಎಲ್ಲೂ ನಿಲ್ಲದೆ ಬಾಗಿಲ ಕಡೆ ಹರಿದು ಹೋಯಿತು. ಅವರು ಕೊಡ ಹಿಡಿದುಕೊಂಡೇ ಅತ್ತರು.

ಆ ನೆಲ ಇಂದಿಗೂ ಸರಿಯಾಗಿದೆ. ಇಪ್ಪತ್ತು ಮಂದಿ ಒಟ್ಟಿಗೆ ಊಟಕ್ಕೆ ಕೂರಬಹುದು. ನನ್ನ ಗಂಡ ಮಾತ್ರ ಅಲ್ಲಿ ಒಂದು ಹೊತ್ತೂ ಉಣ್ಣಲಿಲ್ಲ.