ಹತ್ತು ನಿಮಿಷದೊಳಗೆ ಎರಡು ಸಾವಿರ ಮೀಟರ್

ಪಿರಿಯಾಪಟ್ಟಣದ ಪೇಟೆಯೊಳಗೆ ದೋಣಿ ಬಿಡುವಂಥ ಹೊಳೆ ಇಲ್ಲ. ಆದರೂ ಎರಡು ವರ್ಷದಿಂದ ನಾನು ವಾರಕ್ಕೆ ನಾಲ್ಕು ದಿನ ಹುಟ್ಟು ಹಾಕುತ್ತಿದ್ದೇನೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಇದೆ. ಅಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ಹೆಂಗಸರ ಸರದಿ. ಕಿಟಕಿಯ ಪಕ್ಕ ಒಂದು ರೋಯಿಂಗ್ ಯಂತ್ರ. ಜಾರುವ ಸೀಟಿನ ಮೇಲೆ ಕೂತು, ಪಾದಗಳನ್ನು ಪಟ್ಟಿಯಿಂದ ಬಿಗಿದುಕೊಂಡು, ಸರಪಳಿಯ ತುದಿಯಲ್ಲಿರುವ ಹಿಡಿಯನ್ನು ಎದೆಯವರೆಗೆ ಎಳೆಯಬೇಕು. ಮುಂದೆ ಒಂದು ಚಕ್ರ ಗರಗರ ಗಾಳಿ ಕಡೆಯುತ್ತದೆ. ಎಷ್ಟು ಮೀಟರ್ ಹೋದೆವು, ಎಷ್ಟು ಹೊತ್ತಾಯಿತು ಅಂತ ಒಂದು ಸಣ್ಣ ಪರದೆ ಹೇಳುತ್ತಿರುತ್ತದೆ. ನಾವು ಮಾತ್ರ ಕಿಟಕಿಯ ಪಕ್ಕದಲ್ಲೇ ಇರುತ್ತೇವೆ.

ಜಿಮ್ ನಡೆಸುವವರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಮೈಸೂರಿನಲ್ಲಿ ಬಾಗಿಲು ಮುಚ್ಚಿದ ಯಾವುದೋ ಜಿಮ್ಮಿನಿಂದ ಈ ಯಂತ್ರವನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರಂತೆ. ಮೊದಲ ತಿಂಗಳು ಅದರ ಮೇಲೆ ಎಲ್ಲರೂ ಟವೆಲ್ ಒಣಹಾಕುತ್ತಿದ್ದರು. ಟವೆಲ್ ಸರಿಸಿ ಮೊದಲು ಕೂತವಳು ನಾನು.

ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪಟ್ಟಿ ಮಾಡುವುದು ನನಗೆ ಕೆಲಸವೂ ಹೌದು, ಚಟವೂ ಹೌದು. ಒಂದು ನೋಟ್‌ಬುಕ್ ತಂದು ದಿನಾಂಕ, ದೂರ, ಸಮಯ, ಆ ದಿನ ಏನು ತಿಂದಿದ್ದೆ ಎಲ್ಲ ಬರೆಯತೊಡಗಿದೆ. ಎರಡು ಸಾವಿರ ಮೀಟರಿಗೆ ಮೊದಲು ಹನ್ನೆರಡು ನಿಮಿಷ ಹಿಡಿಯಿತು. ವರ್ಷ ಕಳೆಯುವ ಹೊತ್ತಿಗೆ ಒಂಬತ್ತು ನಿಮಿಷ ನಲವತ್ತೆಂಟು ಸೆಕೆಂಡಿಗೆ ಇಳಿಯಿತು. ಈ ಸಂತೋಷವನ್ನು ಮನೆಯಲ್ಲಿ ಹೇಳಿಕೊಂಡರೆ, ಇದ್ದಲ್ಲೇ ಕೂತು ಬೇಗ ಹೋಗುವುದು ಹೇಗೆ ಅಂತ ಕೇಳುತ್ತಿದ್ದರು. ಅರ್ಥವಾಗುವವರು ಒಬ್ಬರು ಬೇಕಿತ್ತು.

ಅಂಥವರು ಒಂದು ಯುಗಾದಿ ಕಳೆದ ಮೇಲೆ ಬಂದರು. ಹತ್ತಿರದ ಹಳ್ಳಿಯವರು, ನಲವತ್ತೇಳು ವರ್ಷ, ಹೊಗೆಸೊಪ್ಪು ಬೆಳೆಯುವ ಮನೆ. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ದಿನಾ ನಡೀಬೇಕು ಅಂತ ಡಾಕ್ಟರು ಹೇಳಿದ್ದಕ್ಕೆ, ದಿನವೆಲ್ಲ ಹೊಲದಲ್ಲಿ ನಡೆಯೋದು ನಡಿಗೆ ಅಲ್ವಾ ಅಂತ ಜಗಳವಾಡಿದ್ದರಂತೆ. ಕೊನೆಗೆ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ನಾದಿನಿ ಕೈ ಹಿಡಿದು ಮೆಟ್ಟಿಲು ಹತ್ತಿಸಿದ್ದರು. ನಾನು ಅವರನ್ನು ಅಕ್ಕ ಅಂದೆ. ಅವರು ಎರಡು ದಿನ ನನ್ನನ್ನು ಮೇಡಂ ಅಂದು, ಮೂರನೇ ದಿನಕ್ಕೆ ಅಮ್ಮಿ ಅಂದರು.

ಮೊದಲ ದಿನ ಸೀರೆಯಲ್ಲೇ ಕೂತರು. ನಾಲ್ಕು ಸಲ ಎಳೆಯುವಷ್ಟರಲ್ಲಿ ಸೆರಗು ಸೀಟಿನ ಚಕ್ರಕ್ಕೆ ಸಿಕ್ಕಿ, ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ನಿಂತರು. ಮರುದಿನದಿಂದ ಮಗನ ಟ್ರ್ಯಾಕ್ ಪ್ಯಾಂಟು, ಮೇಲೆ ಗಂಡನ ಉದ್ದ ತೋಳಿನ ಶರ್ಟು. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಹಾಕುವ ಶರ್ಟು ಅದೇ. ಹೊಲಕ್ಕೂ ಅದೇ, ಜಿಮ್ಮಿಗೂ ಅದೇ. ಅದು ನಮಗೆಲ್ಲ ತಮಾಷೆಯಾಗಿತ್ತು.

ಅಕ್ಕ ಯಂತ್ರವನ್ನು ಅರ್ಥ ಮಾಡಿಕೊಂಡ ರೀತಿಯೇ ಬೇರೆ. ಚಕ್ರದ ಪಕ್ಕ ಗಾಳಿ ಬಿಡುವ ಒಂದು ಕಿಂಡಿ ಇದೆ, ಅದಕ್ಕೆ ಒಂದರಿಂದ ಹತ್ತರವರೆಗೆ ಗುರುತು. ಹತ್ತಕ್ಕಿಟ್ಟರೆ ಎಳೆಯುವುದು ಭಾರ. ಭಾರವಾದಷ್ಟೂ ಒಳ್ಳೆಯದು ಅಂತ ಮಿಲಿಟರಿಯವರು, ನಾನು, ಎಲ್ಲರೂ ಹತ್ತಕ್ಕೇ ಇಟ್ಟಿದ್ದೆವು. ಅಕ್ಕ ಒಂದು ವಾರ ಎಳೆದು, ಬಗ್ಗಿ ನೋಡಿ, ನಾಲ್ಕಕ್ಕೆ ಇಳಿಸಿದರು. ಬ್ಯಾರನ್ನಿನ, ಅಂದರೆ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಕೋಣೆಯ, ಕಿಂಡಿಯನ್ನು ಮೊದಲ ದಿನವೇ ಪೂರ್ತಿ ತೆಗೆದರೆ ಸೊಪ್ಪು ಹಣ್ಣಾಗದೆ ಹಸಿರಾಗೇ ಒಣಗಿಹೋಗುತ್ತದೆ, ಎಷ್ಟು ಬೇಕೋ ಅಷ್ಟೇ ಗಾಳಿ ಬಿಡಬೇಕು ಅಂತ ವಿವರಿಸಿದರು. ಅವತ್ತೇ ಅವರ ಸಮಯ ಇಪ್ಪತ್ತು ಸೆಕೆಂಡು ಕಡಿಮೆಯಾಯಿತು. ನಾನೂ ಮೆಲ್ಲಗೆ ನಾಲ್ಕಕ್ಕೆ ಇಳಿಸಿಕೊಂಡೆ.

ಲೆಕ್ಕ ಇಡುವುದರಲ್ಲೂ ಹಾಗೆಯೇ. ಬ್ಯಾರನ್ನಿನ ಬಾಗಿಲ ಮೇಲೆ ಒಳಗಿನ ಕಾವನ್ನು ಸೀಮೆಸುಣ್ಣದಲ್ಲಿ ಬರೆಯುವುದು ಅವರ ಮನೆಯ ರೂಢಿ. ಇಲ್ಲಿ ಕಿಟಕಿಯ ಹಸಿರು ಬಾಗಿಲ ಮೇಲೆ ತಮ್ಮ ಸಮಯ ಬರೆದರು. ಕಡಿಮೆಯಾದಾಗಲೆಲ್ಲ ಹಳೆಯದನ್ನು ಅಂಗೈಯಲ್ಲಿ ಅಳಿಸಿ ಹೊಸದನ್ನು ಬರೆಯುವರು. ನಾನು ಹಳೆಯದೆಲ್ಲ ಇಟ್ಟುಕೊಂಡಿದ್ದೇನೆ ಅಂತ ನೋಟ್‌ಬುಕ್ ತೋರಿಸಿದರೆ, "ನಿನ್ನೆ ಎಷ್ಟು ಕಾವಿತ್ತು ಅಂತ ತಿಳ್ಕಂಡು ಇವತ್ತು ಸೊಪ್ಪು ಬೇಯಿಸ್ತೀಯಾ?" ಅಂದರು.

ಹದಿಮೂರು ನಿಮಿಷ ನಲವತ್ತರಿಂದ ಶುರುವಾದವರು ಆಷಾಢದ ಹೊತ್ತಿಗೆ ಹತ್ತು ನಿಮಿಷ ನಾಲ್ಕು ಸೆಕೆಂಡಿಗೆ ಬಂದು ನಿಂತರು. ಅಲ್ಲಿಂದ ಮುಂದೆ ಇಳಿಯಲಿಲ್ಲ. ಹತ್ತರೊಳಗೆ ಬರಬೇಕು ಅನ್ನುವುದು ಅವರಿಗೆ ಹಟವಾಯಿತು. ಸೊಪ್ಪು ಮುರಿಯುವುದು ಹತ್ತು ಜನ ಸೇರಿ, ಕಡ್ಡಿಗೆ ಕಟ್ಟುವುದು ಹತ್ತು ಜನ ಸೇರಿ, ಚೆನ್ನಾಗಿ ಬೆಂದರೆ ಹೊಗಳಿಕೆ ಬ್ಯಾರನ್ ಕಾದವರಿಗೆ. ಇದೊಂದಾದರೂ ತಮ್ಮದು ಅನ್ನಿಸಿತ್ತಂತೆ. ಹಟ ಹತ್ತಿಸಿದವಳು ನಾನೇ ಅನ್ನುವುದನ್ನೂ ಹೇಳಬೇಕು. ಐದು ಸೆಕೆಂಡು ಯಾವ ಲೆಕ್ಕ ಅಕ್ಕ, ನಾಳೆ ಆಗುತ್ತೆ ಅಂತ ದಿನಾ ಹೇಳುತ್ತಿದ್ದೆ.

ಆ ದಿನ ಬೈಲಕುಪ್ಪೆ ಕಡೆಯಿಂದ ಬೆಳಗಿನಿಂದಲೇ ಜಡಿಮಳೆ. ಅಕ್ಕ ಐದಕ್ಕೆ ಬಂದರು. ಶರ್ಟು ಮೈಗಂಟಿತ್ತು, ತೋಳಿನ ತುದಿ ಸೊಪ್ಪಿನ ಅಂಟಿನಿಂದ ಕಪ್ಪಾಗಿತ್ತು. ಬೆಳಗಿನಿಂದ ಒದ್ದೆ ಸೊಪ್ಪು ಮುರಿದಿದ್ದಾಗಿತ್ತು, ಮಧ್ಯಾಹ್ನ ಕಡ್ಡಿಗೆ ಕಟ್ಟಿದ್ದಾಗಿತ್ತು, ಹೊಟ್ಟೆಗೆ ಏನೂ ಸೇರಿರಲಿಲ್ಲ. ತಲೆ ಸುತ್ತುತ್ತಿದೆ, ವಾಕರಿಕೆ ಬರುತ್ತಿದೆ ಅಂದರು. ಹಾಗಾದರೆ ಇವತ್ತು ಬೇಡ ಅಂದೆ. ಅದಕ್ಕೆ ಅವರು, "ಪಿತ್ತ ಕಣಮ್ಮಿ. ಸೊಪ್ಪು ಮುರ್ಯೋ ಕಾಲಕ್ಕೆ ನಮ್ಗೆಲ್ಲಾ ಬತ್ತದೆ. ಚೆನ್ನಾಗಿ ಬೆವರು ಹರುದ್ರೆ ಇಳೀತದೆ," ಅಂದು ಕೂತರು.

ನನ್ನಮ್ಮನೂ ಹಾಗೇ ಹೇಳುತ್ತಿದ್ದಳು. ಸೊಪ್ಪಿನ ಕಾಲದ ಪಿತ್ತ ಅಂದರೆ ನಮ್ಮಲ್ಲಿ ಮಳೆಗಾಲದ ನೆಗಡಿಯ ಹಾಗೆ, ಯಾರೂ ಕೇಳುವುದಿಲ್ಲ. ಬಿ.ಎಸ್ಸಿ. ಓದಿದವಳು ನಾನು. ಆದರೂ ಹೌದಲ್ಲ ಅನ್ನಿಸಿ ನೋಟ್‌ಬುಕ್ ತೆಗೆದೆ.

ಅವತ್ತು ಅಕ್ಕ ಎಂದಿಗಿಂತ ಚೆನ್ನಾಗಿ ಎಳೆಯುತ್ತಿದ್ದರು. ಐನೂರು ಮೀಟರಿಗೆ ಎರಡೂವರೆ ನಿಮಿಷ ಹಿಡಿದರೆ ಒಟ್ಟು ಹತ್ತಾಗುತ್ತದೆ. ಪರದೆ ಎರಡು ನಿಮಿಷ ಇಪ್ಪತ್ತೆಂಟು ಸೆಕೆಂಡಿನಲ್ಲೇ ನಿಂತಿತ್ತು. ಸಾವಿರದ ಏಳುನೂರು ದಾಟಿತು. ಇನ್ನು ಮುನ್ನೂರೇ, ಬಿಡಬೇಡಿ ಅಂತ ನಾನು ಕೂಗಿದೆ. ಆಮೇಲೆ ಅಂಕಿ ಹಾರಿತು. ಎರಡು ನಲವತ್ತು. ಮೂರು ಐದು. ನಾನು ಪೆನ್ನು ಹಿಡಿದುಕೊಂಡು, ಪರದೆಯನ್ನೇ ನೋಡುತ್ತಾ, ಏನಕ್ಕ ನಿಧಾನ ಆಯ್ತು ಅಂದೆ.

ಅದಾದ ಮೇಲೆ ಮುಖ ನೋಡಿದೆ. ಸುಣ್ಣ ಬಳಿದಂಥ ಬಣ್ಣ. ತುಟಿಯೂ ಬಿಳಿ. ಹಿಡಿ ಕೈಯಿಂದ ಜಾರಿತು, ಸರಪಳಿ ಅದನ್ನು ಒಳಕ್ಕೆಳೆದು ಯಂತ್ರಕ್ಕೆ ಬಡಿಯಿತು. ಅಕ್ಕ ಹಿಂದಕ್ಕೆ ಒರಗಿದರು, ಸೀಟು ಅಡಿಯಿಂದ ಜಾರಿತು. ಪಾದ ಎರಡೂ ಪಟ್ಟಿಯಲ್ಲಿ, ಬೆನ್ನು ನೆಲದ ಮೇಲೆ. ಮಲಗಿದಲ್ಲೇ ವಾಂತಿಯಾಯಿತು, ಉಸಿರು ಸಿಕ್ಕಿಕೊಂಡ ಸದ್ದು ಕೇಳಿಸಿತು. ನಾನು ಪಟ್ಟಿ ಬಿಚ್ಚಲು ಹೋದೆ. ದಿನಾ ನನ್ನ ಕಾಲಿಗೆ ನಾನೇ ಕಟ್ಟಿ ಬಿಚ್ಚುವ ಪಟ್ಟಿ. ಎದುರಿನಿಂದ ಹಿಡಿದು ಎಳೆದೆ, ಅದು ಇನ್ನೂ ಬಿಗಿಯಾಯಿತು. ಮತ್ತೆ ಎಳೆದೆ.

ಮಿಲಿಟರಿಯವರು ಓಡಿಬಂದು ಮೊದಲು ಅಕ್ಕನನ್ನು ಮಗ್ಗುಲಿಗೆ ಹೊರಳಿಸಿದರು, ಬೆರಳು ಹಾಕಿ ಬಾಯಿ ಚೊಕ್ಕಟ ಮಾಡಿದರು, ಆಮೇಲೆ ಹೆಬ್ಬೆರಳಿನಿಂದ ಪಟ್ಟಿಯ ಕೊಕ್ಕೆ ಎತ್ತಿದರು. ಅಕ್ಕ ಕೆಮ್ಮಿ ಉಸಿರೆಳೆದರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಈಗಲೂ ಪುಸ್ತಕಕ್ಕೆ ನಂಬರ್ ಅಂಟಿಸುವಾಗ, ಬಸ್ಸಿಗೆ ನಿಂತಾಗ, ಆ ನಿಮಿಷ ಮೊದಲಿನಿಂದ ಶುರುವಾಗುತ್ತದೆ. ಪಟ್ಟಿಯನ್ನು ಮನಸ್ಸಿನಲ್ಲಿ ಎಷ್ಟೋ ಸಲ ಸರಿಯಾಗಿ ಬಿಚ್ಚಿದ್ದೇನೆ. ಆದರೆ ಪ್ರತಿ ಸಲವೂ ಮುಖಕ್ಕಿಂತ ಮೊದಲು ಪರದೆಯನ್ನೇ ನೋಡುತ್ತೇನೆ.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ನಾಡಿ ಹಿಡಿದು, ಶರ್ಟಿನ ತೋಳು ಮೂಸಿ, ಇದನ್ನು ಯಾಕೆ ಇನ್ನೂ ಬಿಚ್ಚಿಸಿಲ್ಲ ಅಂತ ನನ್ನನ್ನೇ ಕೇಳಿದರು. ಹೊಗೆಸೊಪ್ಪಿನೊಳಗಿನ ನಿಕೋಟಿನ್ ವಿಷ ಮಳೆನೀರಲ್ಲಿ ಕರಗಿ ಚರ್ಮದೊಳಕ್ಕೆ ಇಳಿಯುತ್ತದೆ, ಒದ್ದೆ ಬಟ್ಟೆ ಅದನ್ನು ಮೈಗೆ ಒತ್ತಿ ಹಿಡಿದಿರುತ್ತದೆ, ಬೆವರಿದರೆ ಇನ್ನೂ ಬೇಗ ಒಳಗೆ ಹೋಗುತ್ತದೆ ಅಂದರು. ಪಿತ್ತ ಇಳಿಸುತ್ತೇವೆಂದು ನಾವು ಮಾಡಿದ್ದು ತದ್ವಿರುದ್ಧ. ನರ್ಸು ಶರ್ಟು ತೆಗೆದು ಸೋಪು ಹಚ್ಚಿ ಕೈ, ಕತ್ತು, ಬೆನ್ನು ತೊಳೆದರು. ಡ್ರಿಪ್ ಹಾಕಿದರು. ಎದೆಬಡಿತ ಸರಿಹೋಗುವವರೆಗೆ ಏನೂ ಹೇಳಲಾರೆ ಅಂದರು ಡಾಕ್ಟರಮ್ಮ.

ಎರಡು ಗಂಟೆ ನಾನು ಬಾಗಿಲ ಬಳಿ ನಿಂತಿದ್ದೆ. ಆಮೇಲೆ ಅಕ್ಕ ಕಣ್ಣು ಬಿಟ್ಟು, ಸುತ್ತ ನೋಡಿ, ನನ್ನನ್ನು ಕಂಡರು.

"ಎಷ್ಟಾಗಿತ್ತು?"

ನಾನು ಅಳತೊಡಗಿದೆ. ಅಕ್ಕ ಪಕ್ಕದ ಮಂಚದ ಅಜ್ಜಿಯ ಕಡೆ ತಿರುಗಿ, "ನೋಡ್ರವ್ವ, ಬಿದ್ದೋಳು ನಾನು, ಅಳ್ತಾಯಿರೋಳು ಇವ್ಳು," ಅಂದರು. ಅಜ್ಜಿ ನನಗೆ ಒಂದು ಕಿತ್ತಳೆ ಕೊಟ್ಟರು.

ಅಕ್ಕನ ಮನೆಯಲ್ಲಿ ಬದಲಾವಣೆಗಳಾದವು. ಮಳೆ ಬಿದ್ದ ಸೊಪ್ಪನ್ನು ನೀರಾರುವವರೆಗೆ ಮುರಿಯುವುದಿಲ್ಲ, ಮುರಿದವರು ಸೋಪು ಹಚ್ಚಿ ಮೈ ತೊಳೆದು ಬಟ್ಟೆ ಬದಲಾಯಿಸಿಯೇ ಊಟಕ್ಕೆ ಕೂರಬೇಕು. ಇದಕ್ಕೆ ಅತ್ತೆ ಒಪ್ಪದಿದ್ದಾಗ, ಹಾಗಾದ್ರೆ ನೀವೇ ನನ್ನ ಶರ್ಟು ಹಾಕ್ಕಂಡು ಒಂದಿನ ಬನ್ನಿ ಅಂದರಂತೆ ಅಕ್ಕ. ಇದೆಲ್ಲ ನನಗೆ ಗೊತ್ತಾದದ್ದು ಅವರ ನಾದಿನಿಯಿಂದ. ಏಕೆಂದರೆ ನಾನು ಜಿಮ್ಮಿಗೆ ಹೋಗುವುದನ್ನೇ ಬಿಟ್ಟಿದ್ದೆ. ಗ್ರಂಥಾಲಯದಲ್ಲಿ ಪುಸ್ತಕ ತಪಾಸಣೆ ನಡೀತಿದೆ ಅಂತ ಎಲ್ಲರಿಗೂ ಸುಳ್ಳು ಹೇಳಿದ್ದೆ.

ಮೂರನೇ ವಾರ ಅಕ್ಕ ಗ್ರಂಥಾಲಯಕ್ಕೇ ಬಂದರು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ವಿದ್ಯಾರ್ಥಿಗಳ ನಡುವೆ ನೆಟ್ಟಗೆ ನಡೆದು ನನ್ನ ಮೇಜಿನ ಮುಂದೆ ನಿಂತರು. ತಪಾಸಣೆ ಎಲ್ಲಿ ಅಂತ ಕೇಳಿದರು.

"ಗುರುವಾರ ಸೊಪ್ಪು ಮುರಿಯಾಕಿಲ್ಲ. ಮಿಂದು, ಉಂಡು ಬತ್ತೀನಿ," ಅಂದರು. "ನೀನು ಬರ್ನಿಲ್ಲ ಅಂದ್ರೆ ಒಬ್ಳೆ ಎಳೀತೀನಿ."

ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಆಗ ಹೇಳಿಬಿಟ್ಟೆ. ನೀವು ಬೀಳುವಾಗ ನಾನು ನಿಮ್ಮ ಮುಖ ನೋಡಲಿಲ್ಲ ಅಕ್ಕ, ನಂಬರ್ ನೋಡ್ತಿದ್ದೆ ಅಂದೆ.

ಅಕ್ಕ ಮೇಜಿನ ಮೇಲೆ ಮೊಣಕೈ ಊರಿದರು. "ನಾನೂ ಅದುನ್ನೇ ನೋಡ್ತಿದ್ದೆ ಕಣಮ್ಮಿ. ಕಣ್ಣು ಮಂಜಾಗಿ ನಂಬ್ರ ಕಾಣ್ದೆ ಹೋಯ್ತಲ್ಲ, ಅದ್ಕೇ ನಂಗೆ ಹೊಟ್ಟೆ ಉರಿದಿದ್ದು." ಹಿಂದಿನ ಮೇಜಿನ ಹುಡುಗಿಯರು ನಕ್ಕರು. ಸದ್ದು ಮಾಡಬಾರದ ಜಾಗದಲ್ಲಿ ನಾನೂ ನಕ್ಕೆ.

ಗುರುವಾರ ಹೋದೆ. ಒಗೆದ ಶರ್ಟೇ ತಾನೆ ಅಂತ ಮೂಸಿ ನೋಡಿದೆ. ಏನು ಉಂಡಿರಿ, ಎಷ್ಟು ಹೊತ್ತಾಯಿತು ಉಂಡು, ತಲೆ ಸುತ್ತುತ್ತಿದೆಯಾ ಅಂತ ಕೇಳಿದೆ. ರಾಗಿಮುದ್ದೆ, ಹುರುಳಿಸಾರು, ಎರಡು ಗಂಟೆ, ಇಲ್ಲ. ಮದುವೆಗೆ ಹೆಣ್ಣು ನೋಡೋರೂ ಇಷ್ಟು ಕೇಳಲ್ಲ ಅಂದರು. ಪರದೆ ಓದುವ ಕೆಲಸ ಮಿಲಿಟರಿಯವರಿಗೆ ಒಪ್ಪಿಸಿ, ನಾನು ಅಕ್ಕನ ಎದುರು ಸ್ಟೂಲ್ ಹಾಕಿಕೊಂಡು ಕೂತೆ.

ಹತ್ತು ನಿಮಿಷ ಒಬ್ಬರ ಮುಖವನ್ನೇ ನೋಡುವುದು ಸುಲಭವಲ್ಲ. ಐನೂರಕ್ಕೆ ಮೂಗಿನ ತುದಿಯಲ್ಲಿ ಬೆವರು. ಸಾವಿರಕ್ಕೆ ಹಣೆಯ ನರ. ಸಾವಿರದ ಏಳುನೂರು ಅಂತ ಮಿಲಿಟರಿಯವರು ಕೂಗಿದಾಗ ನನ್ನ ಕೈ ತಾನಾಗಿ ಪಟ್ಟಿಯ ಕೊಕ್ಕೆಯ ಹತ್ತಿರ ಹೋಯಿತು. ನಿಲ್ಲಿಸಿ ಅಂದೆ, ಸಾಕು ಅಂದೆ. ಮುಖ ಒಣಮೆಣಸಿನಕಾಯಿಯಷ್ಟು ಕೆಂಪಾಗಿತ್ತು. ಎಳೆತದ ನಡುವೆ ಅಕ್ಕ ಅಷ್ಟಷ್ಟೇ ಉಸಿರಿನಲ್ಲಿ ಹೇಳಿದರು: "ಬೆಳ್ಳಗಾದ್ರೆ... ಇಡ್ಕೊ. ಕೆಂಪಾದ್ರೆ... ಸುಮ್ಕಿರು."

ನಾನು ಸುಮ್ಮನೆ ಕೂತೆ. ಕೆಂಪು ಕೆಂಪಾಗಿಯೇ ಇತ್ತು.

ಒಂಬತ್ತು ಐವತ್ತೇಳು ಅಂತ ಮಿಲಿಟರಿಯವರು ಪರೇಡಿನ ಗಂಟಲಿನಲ್ಲಿ ಹೇಳಿದರು. ಅಕ್ಕ ಪಟ್ಟಿ ಬಿಚ್ಚಿಕೊಂಡು, ಎರಡು ಹೆಜ್ಜೆ ನಡೆದು, ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು. ನಾನು ಸ್ಟೂಲ್ ಬೀಳಿಸಿ ಓಡಿ, ಮಗ್ಗುಲಿಗೆ ಹೊರಳಿಸಲು ಭುಜ ಹಿಡಿದೆ. ಒಂದು ಕಣ್ಣು ತೆರೆಯಿತು.

"ಬದುಕಿವ್ನಿ ಕಣಮ್ಮಿ. ಉಸಿರಾಡಾಕೆ ಬುಡು."

ಪಕ್ಕದಲ್ಲೇ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಚಾವಣಿ ನೋಡುತ್ತಲೇ ಅಕ್ಕ, ನಿಂದೆಷ್ಟು ಅಂತ ಕೇಳಿದರು. ಒಂಬತ್ತು ನಲವತ್ತೆಂಟು ಅಂದೆ. ಬೆರಳು ಮಡಚಿ ಎಣಿಸಿದರು. ಒಂಬತ್ತೇ ಸೆಕೆಂಡು ಅಂದರು, ಯಾರಿಗೂ ಅಲ್ಲ ಅನ್ನುವ ಹಾಗೆ. ಆಮೇಲೆ ಎದ್ದು ಕೂತು, ಶನಿವಾರ ಎಷ್ಟೊತ್ತಿಗೆ ಬಾಗಿಲು ತೆಗೀತೀರಿ ಅಂತ ಮಿಲಿಟರಿಯವರನ್ನು ಕೇಳಿದರು. ನಾನು ತಡಮಾಡದೆ ಸೀಟಿನ ಮೇಲೆ ಕೂತು ಕಾಲಿಗೆ ಪಟ್ಟಿ ಬಿಗಿದೆ. ಮೂರು ವಾರ ಕೈ ಬಿಟ್ಟಿದ್ದವಳಿಗೆ ಶನಿವಾರಕ್ಕೆ ಎರಡೇ ದಿನವಿತ್ತು.