ಆರಿಂಚಿನ ಬಿಲ್ಲೆ ಮತ್ತು ನನ್ನ ವರದಿ

ಚಿಪ್ ಕಾರ್ಖಾನೆಯ ಒಳಗೆ ಯಾರ ಮುಖವೂ ಕಾಣುವುದಿಲ್ಲ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಬಾಯಿಗೆ ಮುಸುಕು. ಕಾಣುವುದು ಕಣ್ಣಷ್ಟೇ. ಹೈದರಾಬಾದಿನ ಹೊರವಲಯದ ಹಳೆಯ ಕಾರ್ಖಾನೆಯೊಂದಕ್ಕೆ ಎಂಜಿನಿಯರಾಗಿ ಸೇರಿದ ಮೊದಲ ವಾರ ನಾನು ಚಿಪ್ ಮಾಡುವ ತೆಳು ಸಿಲಿಕಾನ್ ಬಿಲ್ಲೆಗಳ ಪೆಟ್ಟಿಗೆಯನ್ನು ಓರೆಯಾಗಿ ಹಿಡಿದಿದ್ದೆ. ಹಿಂದಿನಿಂದ ಒಂದು ದನಿ ಬಂತು. "ಸೀದಾ ಹಿಡಿ ಬೇ, ಒಡದು ಹೋಗ್ತಾವ."

ನಾನು ಜೇವರ್ಗಿಯವಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಆ ದನಿಯವಳು ಆಳಂದದವಳು, ಹತ್ತು ವರ್ಷದಿಂದ ಅಲ್ಲಿ ಆಪರೇಟರ್. ನಮ್ಮ ಕಡೆಯ ಹುಡುಗಿ ಬಂದಿದ್ದಾಳೆಂದು ಆಕೆಗೆ ಯಾರೋ ಹೇಳಿದ್ದರಂತೆ. ಅಂದಿನಿಂದ ನಾನು ಅವಳನ್ನು ಅಕ್ಕ ಎಂದೇ ಕರೆದೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ತವರಿನಲ್ಲಿ ಬಿಟ್ಟು ದುಡಿಯಲು ಬಂದವಳು.

ನಾವು ಆರಿಂಚಿನ ಸಿಲಿಕಾನ್ ಬಿಲ್ಲೆಗಳ ಮೇಲೆ ಚಿಪ್ ಮಾಡುತ್ತಿದ್ದೆವು. ಒಂದೊಂದು ಬಿಲ್ಲೆಯ ಮೇಲೂ ನೂರಾರು. ಕುಲುಮೆಯಿಂದ ಹೊರಬಂದ ಬಿಲ್ಲೆಯನ್ನು ಅಕ್ಕ ಬೆಳಕಿಗೆ ಸ್ವಲ್ಪ ವಾಲಿಸಿ ನೋಡುವಳು. ನೀಲಿಯ ಬದಲು ನೇರಳೆ ಕಂಡರೆ ಕುಲುಮೆಯಲ್ಲಿ ಅದರ ಮೇಲೆ ಬೆಳೆದ ಆಕ್ಸೈಡ್ ಪದರ ತೆಳುವಾಗಿದೆ ಎನ್ನುವಳು. ಆಮೇಲೆ ಯಂತ್ರದಲ್ಲಿ ಅಳೆದರೆ ಅವಳು ಹೇಳಿದ್ದೇ ಇರುತ್ತಿತ್ತು. ಓದಿ ಬಂದ ನಾನು ನಿಜವಾದ ಕೆಲಸ ಕಲಿತದ್ದು ಅವಳಿಂದ.

ನಾಲ್ಕನೆಯ ವರ್ಷ ಮ್ಯಾನೇಜರು ನನ್ನನ್ನು ಕರೆದು, ಎಂಟಿಂಚಿನ ಬಿಲ್ಲೆಗೆ ಹೋಗುವುದು ಲಾಭವೋ ಅಲ್ಲವೋ ಲೆಕ್ಕ ಹಾಕಿ ಬರೆದುಕೊಡು ಎಂದರು. ನಾನು ಹುರುಪಿನಿಂದ ಕೂತೆ. ಬಿಲ್ಲೆ ಚಿಕ್ಕದಿರಲಿ ದೊಡ್ಡದಿರಲಿ, ತೊಳೆಯುವುದು, ಕಾಯಿಸುವುದು, ಕೊರೆಯುವುದು ಎಲ್ಲ ಅಷ್ಟೇ ಸಲ. ಖರ್ಚು ಸ್ವಲ್ಪ ಏರುತ್ತದೆ, ಆದರೆ ಚಿಪ್‌ಗಳು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತವೆ. ಅಂಚಿನಲ್ಲಿ ಅರ್ಧಂಬರ್ಧ ಕತ್ತರಿಸಿಹೋಗುವ ಚಿಪ್‌ಗಳ ಪಾಲೂ ಕಡಿಮೆಯಾಗುತ್ತದೆ. ಆದ್ದರಿಂದಲೇ ದೊಡ್ಡ ಕಾರ್ಖಾನೆಗಳು ನಮಗಿಂತ ಅಗ್ಗವಾಗಿ ಮಾರುತ್ತಿದ್ದವು. ಆದರೆ ಹಳೆಯ ಯಂತ್ರಕ್ಕೆ ಹೊಸ ಬಿಲ್ಲೆ ಹಿಡಿಸುವುದಿಲ್ಲ. ಒಂದೊಂದನ್ನೂ ಹೊಸದಾಗಿ ಕೊಳ್ಳಬೇಕು. ಕೊಂಡ ಮೇಲೆ ಅವು ಹಗಲೂ ರಾತ್ರಿ ಓಡಿದರಷ್ಟೇ ಹಾಕಿದ ಬಂಡವಾಳ ಹುಟ್ಟುತ್ತದೆ. ನಮಗಿದ್ದದ್ದು ಕರೆಂಟ್ ಮೀಟರಿಗೆ, ನೀರಿನ ಪಂಪಿಗೆ ಬೇಕಾದ ಸಣ್ಣ ಸಣ್ಣ ಆರ್ಡರುಗಳು. ಆರಿಂಚಿನಲ್ಲಿ ಉಳಿದರೆ ಬೆಲೆ ಗಿಟ್ಟುವುದಿಲ್ಲ, ಎಂಟಿಂಚಿಗೆ ಹೋದರೆ ಯಂತ್ರಗಳಿಗೆ ಸಾಕಾಗುವಷ್ಟು ಕೆಲಸ ಸಿಗುವುದಿಲ್ಲ. ಯಾವ ದಾರಿಯಿಂದ ಹೋದರೂ ಕೊನೆಯ ಪುಟದಲ್ಲಿ ಒಂದೇ ಉತ್ತರ ಬಂತು: ಇಲ್ಲಿ ಚಿಪ್ ಮಾಡುವುದನ್ನು ನಿಲ್ಲಿಸುವುದು.

ಆ ದಿನಗಳಲ್ಲಿ ಅಕ್ಕ ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು, ಏನು ಅಷ್ಟು ಬರೆಯಾಕತ್ತೀ ಎಂದು ಕೇಳಿದಳು. ವರ್ಷದ ಮಾಮೂಲಿ ಲೆಕ್ಕ ಎಂದೆ. ಅವಳು ತನ್ನ ಡಬ್ಬಿಯ ಶೇಂಗಾ ಹಿಂಡಿಯನ್ನು, ನಮ್ಮ ಕಡೆಯ ಚಟ್ನಿಪುಡಿಯನ್ನು, ನನ್ನ ರೊಟ್ಟಿಯ ಮೇಲೆ ಹಾಕಿದಳು. ನಾನು ತಿಂದೆ.

ಆರು ತಿಂಗಳೊಳಗೆ ಚಿಪ್ ತಯಾರಿಕೆ ನಿಂತಿತು. ಚಿಪ್‌ಗಳನ್ನು ಹೊರಗಿನ ದೊಡ್ಡ ಕಾರ್ಖಾನೆಯಿಂದ ತರಿಸುವುದೆಂದಾಯಿತು. ಕೊನೆಯ ದಿನ ಕುಲುಮೆಗಳನ್ನು ಆರಿಸಿದಾಗ, ಅಷ್ಟು ವರ್ಷ ಕಿವಿಯಲ್ಲಿದ್ದ ಸದ್ದು ಇಲ್ಲವಾಗಿ ಕೆಲವರಿಗೆ ತಲೆ ಸುತ್ತಿತು. ನನ್ನನ್ನು ಮಾತ್ರ ಖರೀದಿ ವಿಭಾಗದಲ್ಲಿ ಉಳಿಸಿಕೊಂಡರು. ಆ ಕುರ್ಚಿಯಲ್ಲಿ ಬಹಳ ದಿನ ಕೂರಲಾಗದೆ ಬಿಟ್ಟುಬಂದೆ. ಈಗ ಜೇವರ್ಗಿಯಿಂದ ದಿನಾ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ.

ಹೋದ ವರ್ಷ ಆಳಂದಕ್ಕೆ ಹೋಗಿ ಅಕ್ಕನನ್ನು ಕಂಡೆ. ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುವ ಕೆಲಸಕ್ಕಿದ್ದಳು. ಮಗಳು ನರ್ಸಿಂಗ್ ಓದನ್ನು ನಡುವೆ ಬಿಟ್ಟಿದ್ದಳು. ಚಹಾ ಕುಡಿದ ಮೇಲೆ, ಹೇಳದೆ ಬರಲಾಗದು ಎನಿಸಿ ಹೇಳಿದೆ. "ಅಕ್ಕಾ, ನಮ್ಮ ಕೆಲಸ ನಿಲ್ಸಿದ ಆ ವರದಿ ಬರದಾಕಿ ನಾನ."

ಅವಳು ಚಹಾದ ಲೋಟಗಳನ್ನು ಒಂದರೊಳಗೊಂದು ಇಟ್ಟಳು. "ಲೆಕ್ಕ ತಪ್ಪಿತ್ತೇನು?"

"ಇಲ್ಲ. ಬರೋಬರಿ ಇತ್ತು."

"ತಪ್ಪಿದ್ರ ಛಲೋ ಇತ್ತು ನೋಡು. ಯಾರಿಗರ ಬೈಬಹುದಿತ್ತು."

ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಬದಲಿಗೆ, ದೇಶದಲ್ಲಿ ಹೊಸ ಚಿಪ್ ಕಾರ್ಖಾನೆಗಳು ಬರುತ್ತಿವೆ ಎಂದು ಟಿವಿಯಲ್ಲಿ ನೋಡಿದ್ದನ್ನು ಹೇಳಿ, ತನ್ನಂಥವರಿಗೆ ಅಲ್ಲಿ ಜಾಗ ಇರಬಹುದೇ ಎಂದು ಕೇಳಿದಳು. ಹೊಸವು ಹನ್ನೆರಡು ಇಂಚಿನವು. ಅಲ್ಲಿ ಬಿಲ್ಲೆಗಳ ಪೆಟ್ಟಿಗೆ ಹೊತ್ತು ಓಡಾಡುವುದು ಛಾವಣಿಗೆ ತೂಗುಬಿಟ್ಟ ಗಾಡಿಗಳು. ಬಣ್ಣ ನೋಡಿ ಹೇಳುವವರನ್ನು ಯಾರೂ ಕೇಳುವುದಿಲ್ಲ. ಇದು ಗೊತ್ತಿದ್ದೂ, ವಿಚಾರಿಸಿ ಹೇಳ್ತೇನಿ ಎಂದೆ.

ವಿಚಾರಿಸಿದ್ದೂ ನಿಜ. ಡಿಪ್ಲೊಮಾ ಇದೆಯೇ, ವಯಸ್ಸೆಷ್ಟು ಎಂದು ಕೇಳಿ ಹೊಸ ಕಾರ್ಖಾನೆಯವರು ಫೋನ್ ಇಟ್ಟರು. ಅದನ್ನು ಅಕ್ಕನಿಗೆ ತಿಳಿಸಲು ಆಗಿಲ್ಲ. ಮೊದಮೊದಲು ವಾರಕ್ಕೊಮ್ಮೆ ಅವಳ ಫೋನ್ ಬರುತ್ತಿತ್ತು, ನಾನು ಎತ್ತುತ್ತಿರಲಿಲ್ಲ. ಈಗ ಬರುವುದು ನಿಂತಿದೆ.